ಆ ಸಂಜೆಯ ಗಾಳಿ

ವಿಮಾನ ಅವನು ನಿಲ್ಲಿಸಿದಲ್ಲೇ ನಿಂತಿತ್ತು.

ದಕ್ಷಿಣ ಅಮೆರಿಕದ ಪರ್ವತಗಳ ನಡುವೆ ಒಂದು ಕಣಿವೆ. ಕಣಿವೆಯಲ್ಲಿ ಜಲ್ಲಿಕಲ್ಲಿನ ರನ್‌ವೇ. ಪಕ್ಕದಲ್ಲಿ ತಗಡಿನ ಷೆಡ್ಡು, ಎರಡು ಎಣ್ಣೆ ಪೀಪಾಯಿ, ಗಾಳಿಯ ದಿಕ್ಕು ತೋರಿಸುವ ಒಂದು ಹರಕು ಗಾಳಿಚೀಲ. ಎಲ್ಲವೂ ಕಂಪ್ಯೂಟರಿನ ಒಳಗೆ. ಕಂಪ್ಯೂಟರು ನಮ್ಮ ಮಲಗುವ ಕೋಣೆಯ ಮೂಲೆಯಲ್ಲಿ, ಇಸ್ತ್ರಿ ಮಾಡಬೇಕಾದ ಬಟ್ಟೆ ಹಾಕುವ ಮೇಜಿನ ಮೇಲೆ. ಅವನು ಹೋದ ಮೇಲೆ ಬಟ್ಟೆಯ ರಾಶಿ ಕಂಪ್ಯೂಟರನ್ನೇ ಮುಚ್ಚುವಷ್ಟು ಬೆಳೆದಿತ್ತು. ನಾನಾಗಲಿ ಅತ್ತೆಯಾಗಲಿ ಅದನ್ನು ಸರಿಸಲು ಹೋಗಿರಲಿಲ್ಲ.

ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಹಗಲೆಲ್ಲ ದೊಡ್ಡ ಕಟ್ಟಡಗಳ ಲಿಫ್ಟಿನ ಬಾವಿಗಳಲ್ಲಿ ಗ್ರೀಸು ಮೆತ್ತಿಕೊಂಡು ಹತ್ತಿ ಇಳಿಯುತ್ತಿದ್ದ. ಸಂಜೆ ಬಂದು ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಂಡು ಇನ್ನೊಂದು ಸುತ್ತು ಹತ್ತಿ ಇಳಿಯುತ್ತಿದ್ದ. ಈ ಸುತ್ತು ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರಿನಲ್ಲಿ, ಅಜ್ಜಂದಿರ ಕಾಲದ ಸರಕು ವಿಮಾನದಲ್ಲಿ. ನಿಜವಾದ ವಿಮಾನವನ್ನು ಅವನು ಒಮ್ಮೆಯೂ ಹತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಎಲ್ಲಿಗಾದರೂ ಹೋಗೋಣ ಎಂದು ನಾನೇ ಕೇಳಿದ್ದೆ. "ಬೇಡ ಕಣೇ, ಹತ್ತಿದ್ರೆ ಆಸೆ ತೀರಿಬಿಡುತ್ತೆ" ಅಂದಿದ್ದ.

ಎರಡು ಎಂಜಿನ್ನುಗಳ, ಬಾಲವನ್ನು ನೆಲಕ್ಕೂರಿ ಮೂತಿ ಎತ್ತಿ ನಿಲ್ಲುವ ವಿಮಾನ ಅದು. ಮೊದಲ ಸಲ ಅದರ ಸದ್ದು ಕೇಳಿದ ಅತ್ತೆ ಬಾಗಿಲಲ್ಲಿ ನಿಂತು, "ಇದ್ಯಾವ ಡಕೋಟಾ ಗಾಡಿ ತಂದಿಟ್ಟೆಯೋ?" ಅಂದರು. ಅವನು ಕುರ್ಚಿಯಿಂದ ಬೀಳುವ ಹಾಗೆ ನಕ್ಕ.

"ಅಮ್ಮಾ, ಅದರ ಹೆಸರೇ ಡಕೋಟಾ. ನೋಡಿದ ಕೂಡ್ಲೆ ಗುರುತು ಹಿಡಿದ್ಬಿಟ್ಟೆ!"

"ಮುಖ ನೋಡಿದ್ರೆ ಗೊತ್ತಾಗಲ್ವಾ? ಮುದುಕಿ ಉಸಿರೆಳೆದ ಹಾಗೆ ಎಳೀತಿದೆ."

ಅಂದಿನಿಂದ ಅದರ ಹೆಸರು ಅಜ್ಜಿ ಅಂತಾಯಿತು. ಅಜ್ಜಿಗೆ ಇನ್ನೂ ಎದೆ ಬೆಚ್ಚಗಾಗಿಲ್ಲ, ಅಜ್ಜಿಗೆ ಈವತ್ತು ಏರು ಹತ್ತಲು ಮನಸ್ಸಿಲ್ಲ, ಹೀಗೆ ಮಾತಾಡುತ್ತಿದ್ದ. ಅತ್ತೆ ಊಟಕ್ಕೆ ಕರೆದರೆ ಒಂದೇ ಉತ್ತರ: "ಬೆಟ್ಟದ ಮೇಲಿದೀನಮ್ಮ, ಇಳಿದು ಬರ್ತೀನಿ." ತಟ್ಟೆ ಆರಿಹೋಗುತ್ತಿತ್ತು. ಅತ್ತೆ ಗೊಣಗುತ್ತಾ ಮುಚ್ಚಿಡುತ್ತಿದ್ದರು.

ಆ ಕಣಿವೆಯಲ್ಲಿ ಅಜ್ಜಿಯನ್ನು ಇಳಿಸಿದ ಮರುದಿನ ಬೆಳಿಗ್ಗೆ ಅವನು ಕೆಲಸಕ್ಕೆ ಹೋದ. ಸಿಗ್ನಲ್ಲಿನ ಹತ್ತಿರ ಲಾರಿ. ಅದರ ಬಗ್ಗೆ ಇಷ್ಟು ಸಾಕು.

ಫೋನು ಬಂದದ್ದು ಬಹಳ ತಿಂಗಳುಗಳ ಮೇಲೆ, ನಾನು ಕೆಲಸದಲ್ಲಿದ್ದಾಗ.

"ಅಮ್ಮಾ, ನಾನು ಡಾಕ್ಟ್ರು. ಹಲ್ಲಿನ ಡಾಕ್ಟ್ರು. ಅಂದ್ರೆ... ವಿಮಾನದ ಕಡೆಯವನು."

ಧ್ವನಿ ಗೊತ್ತಿತ್ತು. ಅವನ ಹೆಡ್‌ಫೋನಿನಿಂದ ಸೋರಿ ನಮ್ಮ ಕೋಣೆಯಲ್ಲಿ ಎಷ್ಟೋ ಸಂಜೆ ಓಡಾಡಿದ ಧ್ವನಿ. ಹಳೆಯ ವಿಮಾನ ಹಾರಿಸುವವರ ಒಂದು ಬಳಗವಿತ್ತು. ಒಬ್ಬರು ಇನ್ನೊಬ್ಬರ ಮುಖ ನೋಡಿದವರಲ್ಲ. ಡಾಕ್ಟರು ಅದರ ಹಿರಿಯರು. ಆ ಬಳಗದ ಕಟ್ಟುಪಾಡು ಸ್ವಲ್ಪ ವಿಚಿತ್ರ. ವಿಮಾನವನ್ನು ಎಲ್ಲಿ ಇಳಿಸುತ್ತೀರೋ ಅಲ್ಲೇ ನಿಲ್ಲುತ್ತದೆ. ಯಾವ ಸ್ವಿಚ್ಚು ಹೇಗಿತ್ತೋ ಹಾಗೇ ಇರುತ್ತದೆ. ಮುಂದಿನ ಸಲ ಅಲ್ಲಿಂದಲೇ ಹೊರಡಬೇಕು. ಬಿದ್ದರೆ ಬಿತ್ತು, ಮೊದಲಿನಿಂದ ಶುರು ಮಾಡುವ ಅವಕಾಶವಿಲ್ಲ. ಆ ವಿಮಾನ ಅಲ್ಲಿಗೆ ಮುಗಿಯಿತು. ಅಲ್ಲಿನ ಹವಾಮಾನವೂ ನಿಜವಾದದ್ದೇ. ಆ ಪರ್ವತಗಳಲ್ಲಿ ಈಗ ಮೋಡವಿದ್ದರೆ ಪರದೆಯ ಮೇಲೂ ಮೋಡ. ಬೆಳಕು ಮಾತ್ರ ಯಾವಾಗಲೂ ಹಗಲಿನದೇ.

"ನಾವು ಹೊಸ ಸಿಮ್ಯುಲೇಟರಿಗೆ ಹೋಗ್ತಾ ಇದೀವಮ್ಮ" ಅಂದರು ಡಾಕ್ಟರು. "ಕರಾವಳಿಯಲ್ಲಿ ನಮ್ಮ ಮುಖ್ಯ ನಿಲ್ದಾಣ ಇದೆಯಲ್ಲ, ಅಲ್ಲಿ ಯಾವ ವಿಮಾನ ಇರುತ್ತೋ ಅದು ಮಾತ್ರ ಜೊತೆಗೆ ಬರುತ್ತೆ. ಹೊರಗಿರೋದೆಲ್ಲ ಹಳೇದರ ಜೊತೆ ಅಳಿಸಿಹೋಗುತ್ತೆ. ಅವರ ವಿಮಾನ ಇನ್ನೂ ಬೆಟ್ಟದಲ್ಲಿದೆ. ಯಾರೂ ಮುಟ್ಟಿಲ್ಲ. ಮುಟ್ಟೋಕೆ ನಾನು ಬಿಟ್ಟಿಲ್ಲ."

ನಾನು ಕೈಯಲ್ಲಿದ್ದ ಕೆಲಸವನ್ನು ಕೆಳಗಿಟ್ಟೆ.

"ನೀವು ಹೂಂ ಅಂದ್ರೆ ನಾನೇ ಇಳಿಸಿ ತರ್ತೀನಿ. ನನ್ನ ಕಂಪ್ಯೂಟರಿನಿಂದ ತೆಗೆದ್ರೆ ಒಳಗಿನ ಗುಂಡಿ, ಸ್ವಿಚ್ಚು ಎಲ್ಲ ನಾನು ಇಟ್ಟುಕೊಂಡಿರೋ ಹಾಗೆ ಬದಲಾಗಿಬಿಡುತ್ತೆ, ಅಷ್ಟೇ. ವಿಮಾನ ಉಳಿಯುತ್ತೆ."

"ಯಾವಾಗ ಬದಲಾಯಿಸ್ತೀರಿ?"

"ಮುಂದಿನ ತಿಂಗಳ ಕೊನೇ ಭಾನುವಾರ."

"ನಾನೇ ತರ್ತೀನಿ" ಅಂದೆ.

ಆ ಕಡೆ ಡಾಕ್ಟರು ಕೆಮ್ಮಿದರು. "ಅಮ್ಮಾ, ಅದು ಸ್ಕೂಟರಲ್ಲ."

"ನನಗೆ ಸ್ಕೂಟರೂ ಬರಲ್ಲ ಡಾಕ್ಟ್ರೇ. ಕಲಿಸಿ."

ಅವತ್ತು ಮನೆಗೆ ಬಂದು ಬಟ್ಟೆ ಸರಿಸಿದೆ. ಕಂಪ್ಯೂಟರು ಹಾಕಿದೆ. ಅಜ್ಜಿಯ ಒಳಗೆ ಕುಳಿತೆ.

ಎಲ್ಲ ಅವನು ಬಿಟ್ಟಂತೇ ಇತ್ತು. ಎಡಗಡೆಯ ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದಿಟ್ಟಿದ್ದ. ಗಾಳಿಯೇ ಬಾರದ ಕಿಟಕಿಯನ್ನು ಯಾಕೆ ತೆರೆಯುತ್ತೀಯ ಎಂದು ಹಿಂದೊಮ್ಮೆ ಕೇಳಿದ್ದೆ. "ಎಂಜಿನ್ನಿನ ಬಿಸಿ ಹೋಗಲಿ" ಅಂದಿದ್ದ. ನೋಟ ಅವನ ಎತ್ತರಕ್ಕಿತ್ತು. ಅವನು ಉದ್ದದ ಮನುಷ್ಯ. ಅವನ ಕಣ್ಣಿರುತ್ತಿದ್ದ ಜಾಗದಿಂದ ವಿಮಾನದ ಮೂತಿಯ ಆಚೆ ರನ್‌ವೇ ಕಾಣುತ್ತಿತ್ತು. ಕೀಲಿಯೊಂದನ್ನು ಒತ್ತಿದರೆ ನೋಟ ತಗ್ಗುತ್ತದೆ. ನಾನು ಒತ್ತಲಿಲ್ಲ.

ಆಮೇಲೆ ಎತ್ತರಮಾಪಕ ಕಂಡಿತು.

ಇದನ್ನು ಸ್ವಲ್ಪ ವಿವರಿಸಬೇಕು. ಹಳೆಯ ವಿಮಾನದ ಎತ್ತರಮಾಪಕ ಎತ್ತರವನ್ನು ಅಳೆಯುವುದಿಲ್ಲ. ಹೊರಗಿನ ಗಾಳಿಯ ಒತ್ತಡವನ್ನು ಅಳೆದು ಅದನ್ನೇ ಎತ್ತರವೆಂದು ಹೇಳುತ್ತದೆ. ಮೇಲೆ ಹೋದಷ್ಟೂ ಒತ್ತಡ ಕಡಿಮೆ, ಅದೇ ಲೆಕ್ಕ. ಆದರೆ ಒತ್ತಡ ದಿನಕ್ಕೊಂದು ಥರ ಇರುತ್ತದೆ. ಹಾಗಾಗಿ ಹಾರುವ ಮೊದಲು ಆ ದಿನದ ಅಂಕಿಯನ್ನು ಅದಕ್ಕೆ ಕೊಡಬೇಕು. ಗಡಿಯಾರದಂಥ ಮುಖ, ಅದರಲ್ಲೊಂದು ಪುಟ್ಟ ಕಿಂಡಿ, ಕೆಳಗೆ ತಿರುಗಿಸುವ ಗುಂಡಿ. ಗುಂಡಿ ತಿರುಗಿಸಿದರೆ ಕಿಂಡಿಯಲ್ಲಿ ಅಂಕಿ ಬದಲಾಗುತ್ತದೆ, ಅದರೊಂದಿಗೆ ಮುಳ್ಳೂ ಸರಿಯುತ್ತದೆ.

ಕಿಂಡಿಯಲ್ಲಿ ಸಾವಿರದ ಇಪ್ಪತ್ತೆರಡು ಮಿಲಿಬಾರ್ ಇತ್ತು. ಅವನು ಇಳಿದ ಸಂಜೆ ಆ ಪರ್ವತಗಳ ಗಾಳಿಗಿದ್ದ ಒತ್ತಡ, ಸಮುದ್ರಮಟ್ಟದ ಲೆಕ್ಕದಲ್ಲಿ. ತುಂಬಾ ತಿಳಿಯಾದ, ಮೋಡವಿಲ್ಲದ ದಿನಗಳಲ್ಲಿ ಹಾಗಿರುತ್ತದೆ. ಅವನೇ ಬೆರಳಲ್ಲಿ ತಿರುಗಿಸಿ ಇಟ್ಟದ್ದು. ಅವತ್ತು ಅವನು ನಗುತ್ತಾ ಎದ್ದು ಬಂದು, ತಣ್ಣಗಾದ ತಟ್ಟೆಯ ಮುಂದೆ ಕುಳಿತು, "ಎಂಥಾ ಆಕಾಶ ಗೊತ್ತಾ" ಅಂದಿದ್ದ. ನಾನು ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಡದೆ "ಹೂಂ" ಅಂದಿದ್ದೆ.

ನಾನು ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಭೌತಶಾಸ್ತ್ರದ ಎಂ.ಎಸ್ಸಿ. ತಂದುಕೊಟ್ಟ ಕೆಲಸ. ಬಾಯ್ಲರುಗಳಿಂದ, ಆಸ್ಪತ್ರೆಗಳಿಂದ, ಗ್ಯಾಸಿನ ಗೋದಾಮುಗಳಿಂದ ಒತ್ತಡಮಾಪಕಗಳು ಬರುತ್ತವೆ. ಪ್ರತಿಯೊಂದನ್ನೂ ನಮ್ಮ ನಿಖರವಾದ ಮಾಪಕದೊಂದಿಗೆ ಒಂದೇ ಕೊಳವೆಗೆ ಜೋಡಿಸಿ ಗಾಳಿ ತುಂಬುತ್ತೇನೆ. ಎರಡೂ ಒಂದೇ ಮಾತು ಹೇಳಿದರೆ ಹಸಿರು ಚೀಟಿ ಅಂಟಿಸುತ್ತೇನೆ, ಇಲ್ಲವಾದರೆ ಕೆಂಪು. ಕೆಂಪು ಕಂಡು ಸಿಟ್ಟಾಗುವವರಿದ್ದಾರೆ. "ಸ್ವಲ್ಪ ಹೆಚ್ಚು ತೋರಿಸುತ್ತೆ ಅಷ್ಟೇ ಮೇಡಂ, ನಾವು ಮನಸ್ಸಲ್ಲೇ ಕಳ್ಕೊಂಡು ಓದ್ತೀವಿ" ಅನ್ನುತ್ತಾರೆ. "ಮನಸ್ಸಲ್ಲೇ ಕಳೆಯೋದಾದ್ರೆ ಮಾಪಕ ಯಾಕೆ ಬೇಕು?" ಅನ್ನುತ್ತೇನೆ ನಾನು.

ಕಲಿಯುವವರಿಗೆಂದು ಕರಾವಳಿಯಲ್ಲಿ ಒಂದು ಹಳೆಯ ವಿಮಾನವಿತ್ತು. ಯಾರು ಬೀಳಿಸಿದರೂ ಯಾರೂ ಅಳದಂಥದ್ದು. ಕೆಲಸ ಮುಗಿಸಿ ಬಂದು ಅದರಲ್ಲಿ ಕಲಿತೆ. ಡಾಕ್ಟರು ಕಡೆಯ ಪೇಷಂಟನ್ನು ಕಳಿಸಿ ಬರುತ್ತಿದ್ದರು. ಮೊದಲ ವಾರ ರನ್‌ವೇಯಿಂದ ಹುಲ್ಲಿಗೆ, ಹುಲ್ಲಿನಿಂದ ಚರಂಡಿಗೆ ಓಡಿಸಿದೆ. "ಪರವಾಗಿಲ್ಲ, ಚರಂಡಿ ತನಕ ನೇರವಾಗಿ ಬಂದ್ರಿ" ಅಂದರು ಡಾಕ್ಟರು.

ಅತ್ತೆ ಮಂಚದ ಮೇಲೆ ಕುಳಿತು ಬಟ್ಟೆ ಮಡಿಸುತ್ತಿದ್ದರು. ಅವನಿದ್ದಾಗಲೂ ಅಲ್ಲೇ ಕುಳಿತು ಮಡಿಸುತ್ತಿದ್ದರು.

"ಅವನು ಒಬ್ಬ ಸಾಲದು ಅಂತ ನೀನೂ ಹತ್ತಿದೆಯಾ?" ಅಂದರು ಒಂದು ದಿನ.

"ಅಜ್ಜಿನ ಇಳಿಸಬೇಕು ಅತ್ತೆ. ಇಲ್ಲದಿದ್ರೆ ಅಳಿಸಿಹೋಗುತ್ತೆ."

ಅತ್ತೆ ಅಂಗಿಯೊಂದರ ತೋಳನ್ನು ಎಳೆದು ಸರಿಮಾಡಿದರು. "ಅಲ್ಲಿ ಚಳಿಯಾ?"

"ಚಳಿ ಇರಬಹುದು."

"ಸರಿ, ಇಳಿಸಿಕೊಂಡು ಬಾ" ಅಂದರು.

ಡಾಕ್ಟರು ಒಂದು ವಿಷಯದಲ್ಲಿ ಬಿಗಿಯಾಗಿದ್ದರು. ಹೊರಡುವ ಮುನ್ನ ಅವರು ಆ ಹೊತ್ತಿನ ಒತ್ತಡದ ಅಂಕಿಯನ್ನು ರೇಡಿಯೋದಲ್ಲಿ ಓದುತ್ತಾರೆ. ಹಾರುವವರು ಅದನ್ನು ತಿರುಗಿ ಹೇಳಿ, ಗುಂಡಿ ತಿರುಗಿಸಬೇಕು. ಹೇಳದಿದ್ದರೆ ಹೊರಡಲು ಬಿಡುವುದಿಲ್ಲ. ಕಲಿಯುವ ವಿಮಾನದಲ್ಲಿ ನಾನು ಪ್ರತಿ ಸಲ ಹೇಳಿದೆ, ಪ್ರತಿ ಸಲ ತಿರುಗಿಸಿದೆ. "ಇದರಲ್ಲಿ ನಿಮಗೆ ಹೇಳೋದೇ ಬೇಡ. ನಿಮ್ಮ ಕಸುಬೇ ಇದು" ಅಂದರು.

ಕೊನೆಯ ಭಾನುವಾರದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಹೊರಡುವುದೆಂದಾಯಿತು. ಡಾಕ್ಟರದು ಊಟದ ಬಿಡುವು. ಹೆಡ್‌ಫೋನಿನಲ್ಲಿ ಮೊದಲು ಅವರ ಕ್ಲಿನಿಕ್ಕಿನ ಕೊಳವೆ ನೀರು ಹೀರುವ ಸದ್ದು ಕೇಳಿತು.

"ಒಬ್ಬರು ಕೆನ್ನೆ ಊದಿಸಿಕೊಂಡು ಬಂದುಬಿಟ್ಟಿದಾರಮ್ಮ. ಇಂಜೆಕ್ಷನ್ ಕೊಟ್ಟಿದೀನಿ, ಜೋಮು ಹಿಡಿಯೋ ತನಕ ಕೂತಿರ್ತಾರೆ. ಮಾತಾಡೋಕಾಗಲ್ಲ ಅವರಿಗೆ. ನಮಗೆ ಅದೇ ಅನುಕೂಲ."

ದಾರಿಯನ್ನು ಇನ್ನೊಮ್ಮೆ ಹೇಳಿದರು. ಕಣಿವೆಯಿಂದ ಮೇಲೇರಿ ಪಶ್ಚಿಮಕ್ಕೆ ಹೋದರೆ ಬೆಟ್ಟಸಾಲಿನಲ್ಲಿ ಒಂದು ಇಡುಕಲು, ಎರಡು ಶಿಖರಗಳ ನಡುವಿನ ಸಂದು. ಅದರ ಆಚೆ ಸಮುದ್ರದವರೆಗೂ ಇಳಿಜಾರು. ಇಡುಕಲಿನ ನೆಲ ಹತ್ತು ಸಾವಿರ ಅಡಿ. ಅದರ ಮೇಲೆ ಈವತ್ತು ಮೋಡ. ಮೋಡದೊಳಗೆ ಹೋದರೆ ರೆಕ್ಕೆಗೆ ಮಂಜುಗಡ್ಡೆ ಹಿಡಿಯುತ್ತದೆ.

"ನೆಲಕ್ಕೂ ಮೋಡಕ್ಕೂ ಮಧ್ಯೆ ಜಾಗ ಇದೆ, ಹೆಚ್ಚಿಲ್ಲ. ಹತ್ತು ಸಾವಿರದ ನಾನೂರಕ್ಕೆ ಹೋಗಿ. ಸಮುದ್ರದ ಕಡೆಯಿಂದ ಹವಾ ಕೆಡ್ತಾ ಬರ್ತಿದೆ. ಇನ್ನು ತಡ ಮಾಡಿದ್ರೆ ಬಾಗಿಲು ಮುಚ್ಚುತ್ತೆ. ಒತ್ತಡ ಸಾವಿರದ ಹನ್ನೆರಡು."

"ಸಾವಿರದ ಹನ್ನೆರಡು" ಅಂದೆ.

ಬಾಯಲ್ಲಿ ಹೇಳಿದೆ. ಕೈ ಗುಂಡಿಗೆ ಹೋಗಲಿಲ್ಲ.

ಹೋಗಬಾರದೆಂದು ನಾನು ಮೊದಲೇ ತೀರ್ಮಾನಿಸಿದ್ದೆ. ಕಿಂಡಿಯಲ್ಲಿ ಅವನ ಅಂಕಿ. ಒಂದು ಮಿಲಿಬಾರಿಗೆ ಸುಮಾರು ಇಪ್ಪತ್ತೆಂಟು ಅಡಿ. ವ್ಯತ್ಯಾಸ ಹತ್ತು ಮಿಲಿಬಾರು. ಮುಳ್ಳು ಮುನ್ನೂರು ಅಡಿಯಷ್ಟು ಹೆಚ್ಚು ತೋರಿಸುತ್ತದೆ, ಅಷ್ಟು ಕಳೆದು ಓದಿದರಾಯಿತು. ಅವನ ಗಾಳಿಯನ್ನು ಅವನ ಗುಂಡಿಯಲ್ಲಿ ಹಾಗೇ ಇಟ್ಟುಕೊಂಡು ಇಳಿಯಬಹುದು. ಕರಾವಳಿಗೆ ತಲುಪಿದ ಮೇಲೆ ಹೊಸದಕ್ಕೂ ಹಾಗೇ ಹೋಗುತ್ತದೆ. ಕಿಟಕಿ, ನೋಟ, ಅಂಕಿ, ಎಲ್ಲ.

ಮನಸ್ಸಲ್ಲೇ ಕಳೆದುಕೊಂಡು ಓದುವುದು. ಹೌದು.

ಎಡಗಡೆಯ ಎಂಜಿನ್ನು ಕೆಮ್ಮಿ ಹೊಗೆಯುಗುಳಿ ಹೊತ್ತಿಕೊಂಡಿತು. ಆಮೇಲೆ ಬಲಗಡೆಯದು. ಮಂಚದ ಮೇಲೆ ಅತ್ತೆಯ ಕೈ ನಿಂತಿತು. ಆ ಸದ್ದು ಈ ಕೋಣೆಯಲ್ಲಿ ಕೇಳಿ ಬಹಳ ದಿನವಾಗಿತ್ತು.

"ಅದೇ" ಅಂದರು ಅತ್ತೆ, ಯಾರಿಗೂ ಅಲ್ಲ.

ಅಜ್ಜಿಯ ಎದೆ ಬೆಚ್ಚಗಾಗುವವರೆಗೆ ಕಾದೆ. ಅಜ್ಜಿ ಜಲ್ಲಿಯ ಮೇಲೆ ಓಡಿತು. ಬಾಲ ಎದ್ದಿತು. ಷೆಡ್ಡು, ಪೀಪಾಯಿ, ಗಾಳಿಚೀಲ ಹಿಂದಕ್ಕೆ ಹೋದವು. ನೆಲ ಬಿಟ್ಟುಕೊಟ್ಟಿತು.

ಸರಕು ಇರಲಿಲ್ಲ. ಹೊತ್ತು ತಂದಿದ್ದ ಹೊಲಿಗೆ ಯಂತ್ರಗಳ ಪೆಟ್ಟಿಗೆಗಳನ್ನು ಅವನು ಅವತ್ತೇ ಇಳಿಸಿದ್ದ. ಬರಿದಾದ ಅಜ್ಜಿ ಸಲೀಸಾಗಿ ಏರಿತು. ಕೆಳಗೆ ನದಿಯೊಂದು ದಾರದಂತೆ ಬಿದ್ದಿತ್ತು. ಬೆಟ್ಟಗಳ ಬದಿ ಕಂದು, ನೆತ್ತಿ ಬಿಳಿ. ಇಷ್ಟು ವರ್ಷ ಅವನ ಹೆಗಲ ಮೇಲಿನಿಂದ ಒಂದು ಕಣ್ಣಲ್ಲಿ ನೋಡಿದ್ದೆ, ಕೈಯಲ್ಲಿ ಚಹಾದ ಲೋಟವೋ ಒದ್ದೆ ಬಟ್ಟೆಯೋ ಇರುತ್ತಿತ್ತು. ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಬಂತು. ಕೈ ಹಿಡಿದು ಕೂರಿಸಿ ನೋಡು ಅನ್ನಬಾರದಿತ್ತೆ? ಅವನು ಹಾಗೆ ಅಂದದ್ದೂ ಉಂಟು. ನಾನೇ "ಆಮೇಲೆ" ಅಂದಿದ್ದೆ.

ಹೊಸಬರಿಗೆ ಅವನು ರೇಡಿಯೋದಲ್ಲಿ ಹೇಳಿಕೊಡುತ್ತಿದ್ದ ಒಂದು ಮಾತು ನೆನಪಿತ್ತು. ಇಡುಕಲಿಗೆ ನೇರವಾಗಿ ಹೋಗಬೇಡಿ, ಓರೆಯಾಗಿ ಹೋಗಿ. "ಗೊತ್ತಿಲ್ಲದ ಮನೆ ಬಾಗಿಲಿಗೆ ಹೋದ ಹಾಗೆ. ಪಕ್ಕದಲ್ಲಿ ನಿಂತು ಇಣುಕಿ. ಸರಿ ಕಾಣದಿದ್ರೆ ಹಾಗೇ ತಿರುಗಿ ಬರಬಹುದು." ನಾನು ಓರೆಯಾಗಿಯೇ ಹೋದೆ.

ಮುಳ್ಳು ಹತ್ತು ಸಾವಿರದ ಏಳುನೂರರಲ್ಲಿತ್ತು. ಮುನ್ನೂರು ಕಳೆದೆ. ಸರಿಯಾಗಿತ್ತು.

ಮೋಡದ ಚೂರುಗಳು ಗಾಜಿನ ಮುಂದೆ ಹರಿಯತೊಡಗಿದವು. ಒಮ್ಮೆ ಬಿಳಿ, ಒಮ್ಮೆ ಬಂಡೆ, ಮತ್ತೆ ಬಿಳಿ. ಬಂಡೆ ನಾನೆಣಿಸಿದ್ದಕ್ಕಿಂತ ಹತ್ತಿರವಿದ್ದಂತೆ ಕಂಡಿತು. ಪರ್ವತಗಳಲ್ಲಿ ಕಣ್ಣು ಮೋಸ ಮಾಡುತ್ತದೆ ಎಂದು ಅವನು ಹೇಳಿದ್ದ. ಮುಳ್ಳನ್ನೇ ನಂಬಿದೆ.

"ಅಮ್ಮಾ" ಅಂದರು ಡಾಕ್ಟರು. "ಎಷ್ಟು ಎತ್ತರದಲ್ಲಿದೀರಿ?"

"ಹತ್ತು ಸಾವಿರದ ನಾನೂರು."

"ನನ್ನ ಪರದೆಯ ನಕ್ಷೆಯಲ್ಲಿ ನೀವು ಹತ್ತು ಸಾವಿರದ ನೂರರಲ್ಲಿದೀರಿ."

ಆಗ ಹೊಳೆಯಿತು. ಹೊರಡುವಾಗಿನ ಗಾಳಿ ಈಗಿಲ್ಲ. ಸಮುದ್ರದ ಕಡೆ ಬಂದಷ್ಟೂ ಒತ್ತಡ ಬೀಳುತ್ತಲೇ ಇತ್ತು, ನಾನು ಮಾತ್ರ ಅದೇ ಮುನ್ನೂರನ್ನು ಕಳೆಯುತ್ತಿದ್ದೆ.

"ಒತ್ತಡ ಇಟ್ಟಿದೀರಿ ತಾನೇ?"

"ಇಲ್ಲ."

"ಇಲ್ವಾ? ತಿರುಗಿ ಹೇಳಿದ್ರಲ್ಲಮ್ಮ! ಎಷ್ಟಿದೆ ಕಿಂಡೀಲಿ?"

"ಸಾವಿರದ ಇಪ್ಪತ್ತೆರಡು."



"ಅದು ನಾನು ಓದಿದ್ದು" ಅಂದರು ಡಾಕ್ಟರು. ಧ್ವನಿ ಬೇರೆಯಾಗಿತ್ತು. "ಅವತ್ತು ಸಂಜೆ. ಅವರು ತಿರುಗಿ ಹೇಳಿದ್ರು. ಎಂಥಾ ಆಕಾಶ ಡಾಕ್ಟ್ರೇ ಅಂದ್ರು."

ಎದುರಿಗೆ ಬಿಳಿಯೊಂದು ಸರಿಯಿತು. ಅದರ ಹಿಂದೆ ಕಪ್ಪು ಕಲ್ಲು, ಅದರ ಬಿರುಕಿನಲ್ಲಿ ಹಿಮ. ಬಿರುಕನ್ನು ಎಣಿಸಬಹುದಾದಷ್ಟು ಹತ್ತಿರ.

"ಅಮ್ಮಾ, ಆ ಗಾಳಿ ಯಾವತ್ತೋ ಹೋಯ್ತು. ಎಡಕ್ಕೆ ತಿರುಗಿ. ಈಗಲೇ. ಎಂಜಿನ್ ಪೂರ್ತಿ."

ಓರೆಯಾಗಿ ಬಂದಿದ್ದರಿಂದ ಎಡಗಡೆ ಕಣಿವೆ ತೆರೆದೇ ಇತ್ತು. ತಿರುಗಿಸಿದೆ. ಅಜ್ಜಿ ಒಂದು ರೆಕ್ಕೆಯನ್ನು ನೆಲಕ್ಕೆ ತೋರಿಸುತ್ತಾ ನರಳಿ ತಿರುಗಿತು. ಬಂಡೆ ಬಲಗಡೆಯ ಕಿಟಕಿಯಲ್ಲಿ ಸುಮಾರು ಹೊತ್ತು ಇತ್ತು. ಆಮೇಲೆ ಇಲ್ಲವಾಯಿತು. ಕೆಳಗೆ ಮತ್ತೆ ನದಿಯ ದಾರ.



"ಏನಾಯ್ತೇ?" ಅಂದರು ಅತ್ತೆ.

"ಬಾಗಿಲು ತಪ್ಪಿತು ಅತ್ತೆ."

"ವಾಪಸ್ ಷೆಡ್ಡಿಗೆ ಹೋಗಬಹುದು" ಅಂದರು ಡಾಕ್ಟರು. "ಅಲ್ಲಿ ಇಳಿದ್ರೆ ಏನೂ ಆಗಲ್ಲ. ಆದ್ರೆ ನಾಳೆ..." ಷೆಡ್ಡಿಗೆ ಹೋದರೆ ಅವನ ಅಂಕಿ ನಾಳೆಯವರೆಗೆ ಉಳಿಯುತ್ತದೆ. ಆಮೇಲೆ ಅಂಕಿಯೂ ಇಲ್ಲ, ಕಿಂಡಿಯೂ ಇಲ್ಲ, ಅಜ್ಜಿಯೂ ಇಲ್ಲ.

"ಓದಿ ಡಾಕ್ಟ್ರೇ" ಅಂದೆ.

ಅವರು ಗಂಟಲು ಸರಿಮಾಡಿಕೊಂಡರು. ರೇಡಿಯೋದಲ್ಲಿ ಮಾತಾಡುವ ಆ ನೆಟ್ಟಗಿನ ಧ್ವನಿಯಲ್ಲಿ, ನನ್ನ ಪರಿಚಯವೇ ಇಲ್ಲದವರಂತೆ ಓದಿದರು. "ಒತ್ತಡ, ಸಾವಿರದ ಒಂದು."

"ಸಾವಿರದ ಒಂದು."

"ಗುಂಡಿ?"

"ತಿರುಗಿಸ್ತಿದೀನಿ."

ತಿರುಗಿಸಿದೆ. ಕಿಂಡಿಯಲ್ಲಿ ಇಪ್ಪತ್ತೆರಡು ಮೇಲಕ್ಕೆ ಸರಿಯಿತು. ಇಪ್ಪತ್ತೊಂದು ಬಂತು. ಇಪ್ಪತ್ತು. ಒಂದೊಂದಕ್ಕೂ ಮುಳ್ಳು ಒಂದಿಷ್ಟು ಜಾರಿತು. ಗುಂಡಿ ನಿಲ್ಲಿಸಿದಾಗ ಅದು ನಾವು ಇದ್ದಲ್ಲಿಗೆ ಬಂದು ನಿಂತಿತ್ತು.

ಕಣಿವೆಯಲ್ಲೇ ಒಂದು ಸುತ್ತು ಹಾಕಿ ಎತ್ತರ ಮಾಡಿಕೊಂಡೆ. ಮೋಡದ ಹೊಟ್ಟೆ ಇನ್ನೂ ಕೆಳಗೆ ಇಳಿದಿತ್ತು, ಆದರೂ ಸಂದು ಇತ್ತು. ಮತ್ತೆ ಓರೆಯಾಗಿ ಹೋಗಿ ಇಣುಕಿದೆ. ಆಚೆ ಬೆಳಕು ಕಂಡಿತು. ಒಳನುಗ್ಗಿದೆ. ಎರಡು ಕಡೆಯೂ ಕಲ್ಲು, ತಲೆಯ ಮೇಲೆ ಬೂದು. ಅಜ್ಜಿ ಕುಲುಕಿತು. ಅತ್ತೆ ಎದ್ದು ಬಂದು ನನ್ನ ಕುರ್ಚಿಯ ಬೆನ್ನನ್ನು ಹಿಡಿದು ನಿಂತರು. ಅವರ ಉಸಿರು ನನ್ನ ತಲೆಗೂದಲಿಗೆ ತಾಗುತ್ತಿತ್ತು.

ಆಮೇಲೆ ಕಲ್ಲು ಮುಗಿಯಿತು. ನೆಲ ದೂರ ದೂರಕ್ಕೆ ಬಿದ್ದುಹೋಯಿತು. ಇಳಿಜಾರು, ಹಸಿರು, ಅದರ ಕೊನೆಯಲ್ಲಿ ಸೀಸದ ಬಣ್ಣದ ಒಂದು ಗೆರೆ.

"ಅದೇನು ಹೊಳೀತಿರೋದು?"

"ಸಮುದ್ರ ಅತ್ತೆ."

"ಇಷ್ಟು ಚೆನ್ನಾಗಿದೆಯಾ?" ಅಂದರು. "ಊಟ ಬಿಟ್ಟು ಕೂತ್ಕೋತಿದ್ದ, ಸುಮ್ಮನೆ ಅಲ್ಲ."

ಕರಾವಳಿಯಲ್ಲಿ ಅಜ್ಜಿಯನ್ನು ಇಳಿಸಿದೆ. ಮೂರು ಸಲ ಕುಪ್ಪಳಿಸಿತು. ನಿಲ್ದಾಣದ ಅಂಚಿನಲ್ಲಿ, ಬಳಗದ ಉಳಿದ ಮುದಿ ವಿಮಾನಗಳ ಸಾಲಿನಲ್ಲಿ ನಿಲ್ಲಿಸಿ, ಎಂಜಿನ್ನು ಆರಿಸಿದೆ. ಕೋಣೆ ಸದ್ದಿಲ್ಲದಾಯಿತು.

"ಇಳಿದ್ರಾ ಅಂತ ಕೇಳ್ತಿದಾರೆ" ಅಂದರು ಡಾಕ್ಟರು.

"ಯಾರು?"

"ಪೇಷಂಟು. ಬಾಯಲ್ಲಿ ಹತ್ತಿ ಇಟ್ಕೊಂಡೇ ಕೇಳ್ತಿದಾರೆ. ನಾನು ಹಲ್ಲು ಕಿತ್ತೇ ಇಲ್ಲ ಇನ್ನೂ, ಅವರಿಗೆ ಅದರ ಚಿಂತೆ ಇಲ್ಲ."

"ಇಳಿದೆ ಅಂತ ಹೇಳಿ."

"ಹೇಳ್ತೀನಮ್ಮ. ಕಿಟಕಿ ಮುಚ್ಚಬೇಡಿ. ಅವರು ಯಾವತ್ತೂ ಮುಚ್ತಿರಲಿಲ್ಲ" ಅಂದು ಹೋದರು.

ಅತ್ತೆ ಅಡುಗೆಮನೆಗೆ ಹೋದರು. ತಟ್ಟೆಗಳ ಸದ್ದು ಕೇಳಿಸಿತು. ನಾನು ಅಲ್ಲೇ ಕುಳಿತೆ. ಮುಳ್ಳು ಸೊನ್ನೆಯ ಹತ್ತಿರ ನಿಂತಿತ್ತು. ಸಮುದ್ರದ ಪಕ್ಕದ ನೆಲದಲ್ಲಿ ಅದು ಎಲ್ಲಿರಬೇಕೋ ಅಲ್ಲೇ. ಪ್ರಯೋಗಾಲಯವಾಗಿದ್ದರೆ ಹಸಿರು ಚೀಟಿ.

ಇನ್ನು ಯಾರೂ ಬೀಳುವಂತಿರಲಿಲ್ಲ. ಗುಂಡಿಯನ್ನು ಹಿಂದಕ್ಕೆ ತಿರುಗಿಸಿದೆ. ಸಾವಿರದ ಇಪ್ಪತ್ತೆರಡರವರೆಗೆ. ಮುಳ್ಳು ಎದ್ದಿತು. ನೂರು, ಇನ್ನೂರು, ಮುನ್ನೂರು. ಆರುನೂರರ ಹತ್ತಿರ ನಿಂತಿತು. ಚಕ್ರಗಳು ನೆಲದ ಮೇಲೇ ಇದ್ದವು. ಕಿಟಕಿಯಾಚೆ ಹುಲ್ಲು, ಪಕ್ಕದ ವಿಮಾನದ ರೆಕ್ಕೆ. ಆದರೂ ಆ ಸಂಜೆಯ ಗಾಳಿಯ ಲೆಕ್ಕದಲ್ಲಿ ನಾವಿನ್ನೂ ಮೇಲಿದ್ದೆವು. ಅವನ ಕಣ್ಣಿನ ಎತ್ತರದಿಂದ ನಾನು ಹೊರಗೆ ನೋಡುತ್ತಿದ್ದೆ. ತಿಳಿಯಾದ ಆಕಾಶವಿದ್ದಿರಬೇಕು ಅವತ್ತು. ಒಂದು ಚೂರೂ ಮೋಡವಿಲ್ಲದೆ, ಬೆಟ್ಟದ ನೆತ್ತಿಗಳೆಲ್ಲ ಒಟ್ಟಿಗೆ ಕಾಣುವಂಥದ್ದು. ಏನೇನು ಕಂಡೆ ಎಂದು ನಾನು ಕೇಳಿದ್ದರೆ ಅವನು ತಟ್ಟೆ ಬಿಟ್ಟು ಹೇಳುತ್ತಾ ಕೂರುತ್ತಿದ್ದ.

"ಇಳಿದೆಯೇನೇ?" ಅತ್ತೆ ಒಳಗಿಂದ ಕೂಗಿದರು. "ಆರ್ತಾ ಇದೆ ಊಟ."

ಬಾಯಿಗೆ ಬಂದದ್ದು ಅವನ ಮಾತೇ.

"ಬೆಟ್ಟದ ಮೇಲಿದೀನಿ ಅತ್ತೆ. ಇಳಿದು ಬರ್ತೀನಿ."

ಅತ್ತೆ ತಟ್ಟೆಗಳಿಗೆ ಒಂದೊಂದಾಗಿ ಮುಚ್ಚಳ ಮುಚ್ಚುವುದು ಕೇಳಿಸಿತು.

ನಾನು ಗುಂಡಿಯ ಮೇಲೆ ಬೆರಳಿಟ್ಟೆ. ನಿಧಾನವಾಗಿ ತಿರುಗಿಸುತ್ತಾ, ಉಳಿದ ಆರುನೂರು ಅಡಿಯನ್ನು ಇಳಿದೆ.